ಮಲಗಿಸಿದ ಮೋಟಾರು

"ಎಳೀಬೇಡ ಪುಟ್ಟಿ. ಅದು ಹತ್ತಲ್ಲ."

ಸ್ಟೂಲಿನ ಮೇಲೆ ಕೂತ ಮಾವ ಹೇಳಿದ್ದು ಇಷ್ಟೇ. ಹೇಳಿದ್ದನ್ನು ಕೇಳುವ ಪೈಕಿಯೇ ಇನ್ಸ್‌ಪೆಕ್ಟರಮ್ಮ? ಎಡಗಾಲನ್ನು ಮೋಟಾರು ಸಿಕ್ಕಿಸಿದ್ದ ನೀರಿನ ಡ್ರಮ್ಮಿಗೆ ಒತ್ತಿ, ಹಿಡಿಯನ್ನು ಬಿಗಿಯಾಗಿ ಹಿಡಿದು ಹಗ್ಗ ಎಳೆದಳು. ಮೋಟಾರು ಗೊರ್ರೆಂದು ಸುಮ್ಮನಾಯಿತು. ಇನ್ನೊಮ್ಮೆ ಎಳೆದಳು. ಇನ್ನೊಮ್ಮೆ ಗೊರ್. ಎಬ್ಬಿಸಲು ಹೋದರೆ ಮಗ್ಗುಲು ಬದಲಿಸಿ ಮತ್ತೆ ಮಲಗುವ ಮುದುಕನ ಹಾಗೆ.

ಅದು ಭಾವನ ದೋಣಿಯ ಮೋಟಾರು. ನಾಲ್ಕು ದಿನದ ಹಿಂದೆ, ಬೆಳಿಗ್ಗೆ, ಹಿನ್ನೀರಿನ ನಟ್ಟನಡುವೆ ತೇಲುತ್ತಿದ್ದ ದೋಣಿ ಬಲೆಯವರ ಕಣ್ಣಿಗೆ ಬಿತ್ತು. ದೋಣಿಯಲ್ಲಿ ಮೋಟಾರಿತ್ತು, ಭಾವನ ಚಪ್ಪಲಿ ಇತ್ತು, ಭಾವ ಇರಲಿಲ್ಲ. ಮುಳುಗುಗಾರರು ನಡುನೀರನ್ನೆಲ್ಲ ಜಾಲಾಡಿದರೂ ಹೆಣ ಸಿಕ್ಕಿರಲಿಲ್ಲ.

ಊರಿಗೆ ಮಾತ್ರ ಆಗಲೇ ಎಲ್ಲಾ ಗೊತ್ತಾಗಿಬಿಟ್ಟಿತ್ತು. ಊರಿಗೆ ಯಾವಾಗಲೂ ಪೊಲೀಸರಿಗಿಂತ ಮೊದಲೇ ಗೊತ್ತಾಗುತ್ತದಲ್ಲ! ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿಯವನು ಹಿಂದಿನ ಸಂಜೆ ಒಬ್ಬನೇ ಹೋಗಿದ್ದಾನೆ, ನಡುನೀರಲ್ಲಿ ಮೋಟಾರು ಕೈಕೊಟ್ಟಿದೆ, ಎದ್ದುನಿಂತು ಹಗ್ಗ ಎಳೆದಿದ್ದಾನೆ, ಆಯ ತಪ್ಪಿ ಬಿದ್ದಿದ್ದಾನೆ. ಹಿಂದಿನ ದಿನವಷ್ಟೇ ಆ ಮೋಟಾರನ್ನು ರಿಪೇರಿ ಮಾಡಿಕೊಟ್ಟದ್ದು ಯಾರು? ಅವನಿಗೆ ಹೆಣ್ಣು ಕೊಟ್ಟ ಮಾವ. ಮುಗಿಯಿತಲ್ಲ ಕಥೆ.

ಆ ಮಾವನೇ ಇನ್ಸ್‌ಪೆಕ್ಟರಮ್ಮನಿಗೆ ಸೋದರಮಾವ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ, ಓದಿಸಿ, ಮೈಮೇಲೆ ಖಾಕಿ ಬರುವವರೆಗೂ ಬೆನ್ನಿಗೆ ನಿಂತ ಮನುಷ್ಯ. ಸ್ವಂತ ಮಗಳಿಗೊಂದು, ತಂಗಿಯ ಮಗಳಿಗೊಂದು ಎಂದು ಯಾವತ್ತೂ ಮಾಡಿದವರಲ್ಲ. ಇಬ್ಬರಿಗೂ ಇದೇ ಶೆಡ್ಡಿನಲ್ಲಿ, ಇದೇ ಡ್ರಮ್ಮಿನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದರು.

"ಸ್ವಂತ ಮಾವನ ಕೇಸು. ನೀನು ಮುಟ್ಟೋದೇ ಸರಿಯಲ್ಲ" ಎಂದಿದ್ದರು ಮೇಲಿನ ಸಾಹೇಬರು. ಅಂಗಲಾಚಿದ್ದಕ್ಕೆ ಸಂಜೆಯವರೆಗೆ ಬಿಟ್ಟಿದ್ದರು. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಮಾವನನ್ನು ಒಳಗೆ ಹಾಕುವುದೇ. ಈ ವಯಸ್ಸಿನಲ್ಲಿ, ಅಳಿಯನನ್ನು ಕೊಂದ ರಿಪೇರಿಯವನು ಎಂಬ ಹೆಸರು ಹೊತ್ತುಕೊಂಡು!

ಅವಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕಲ್ಲ. ಮಾವ ಅದಕ್ಕೆ ತಯಾರಾಗಿ ಕೂತಿದ್ದರಲ್ಲ, ಅದಕ್ಕೆ.

"ನನ್ನ ಕೈ ತಪ್ಪು ಅಂತ ಬರ್ಕೊಂಡ್ಬಿಡು" ಎಂದರು ಈಗಲೂ. "ವಯಸ್ಸಾಯ್ತು. ಕಣ್ಣು ಮಂಜು. ಏನೋ ಬಿಟ್ಟಿರ್ತೀನಿ."

"ಏನು ಬಿಟ್ಟಿದ್ದೀರ? ಹೇಳಿ, ಅದನ್ನೇ ಬರ್ಕೋತೀನಿ."

"ಏನೋ... ಈಗ ನೆನಪಿಗೆ ಬರ್ತಿಲ್ಲ."

"ನಿಮಗೆ? ನೆನಪಿಲ್ಲ?"

ಯಾರ ಮೋಟಾರಿಗೆ ಯಾವ ವರ್ಷ ಯಾವ ನಟ್ಟು ಹಾಕಿದೆನೆಂದು ನಿದ್ದೆಯಲ್ಲೂ ಒಪ್ಪಿಸುವವರು ಇವರು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಬಾಗಿಲ ಕಡೆ ತಿರುಗಿದಳು.

"ಅರ್ಜೆಂಟ್, ಫೋಟೊ ತೆಗೀತಿದ್ದೀಯಾ?"

"ತೆಗೀತೀನಿ ಮೇಡಂ, ತೆಗೀತೀನಿ" ಎಂದ ಕಾನ್‌ಸ್ಟೇಬಲ್, ಜೇಬಿನಿಂದ ಮೊಬೈಲನ್ನು ಇನ್ನೂ ಹೊರಗೆ ತೆಗೆಯುತ್ತಲೇ. ಯಾವ ಕೆಲಸಕ್ಕೂ ಅರ್ಜೆಂಟಿಲ್ಲದ ಮಹಾನುಭಾವನಾದ್ದರಿಂದ ಠಾಣೆಯಲ್ಲಿ ಅವನಿಗೆ ಆ ಹೆಸರು. ಆದರೆ ಒಂದು ಒಳ್ಳೇ ಗುಣ. ಕಂಡದ್ದನ್ನು ಕಂಡ ಹಾಗೇ ಹೇಳುವವನು, ಕಾಣದ್ದನ್ನು ಸೇರಿಸುವವನಲ್ಲ. ಸಾಕ್ಷಿಗೆ ಅಂಥವನೇ ಬೇಕಿತ್ತು.

ಅವಳು ಮೋಟಾರಿನ ಮೇಲಿನ ಮುಚ್ಚಳ ಬಿಚ್ಚಿ ನೆಲಕ್ಕಿಟ್ಟಳು. ಹಳೇ ಕಾಲದ ಮೋಟಾರು. ಬಣ್ಣ ಎದ್ದು ಹೋಗಿತ್ತು. ತಲೆಯ ಮೇಲೆಯೇ ಸಣ್ಣ ಪೆಟ್ರೋಲ್ ಟ್ಯಾಂಕು, ಪಕ್ಕದಲ್ಲಿ ಒಂದು ನಲ್ಲಿ, ಕೆಳಗೆ ಕಾರ್ಬ್ಯುರೇಟರು. ಇಂಥದ್ದಕ್ಕೆ ಕಂಪ್ಯೂಟರು ಬೇಡ, ಮೂಗು ಮತ್ತು ಬೆರಳು ಇದ್ದರೆ ಸಾಕು ಎಂದು ಹೇಳಿಕೊಟ್ಟವರೇ ಎದುರಿಗೆ ತಲೆ ತಗ್ಗಿಸಿ ಕೂತಿದ್ದರು.

ಮೊದಲು ಪ್ಲಗ್ ಬಿಚ್ಚಿದಳು. ತುದಿಯನ್ನು ಬೆಳಕಿಗೆ ಹಿಡಿದಳು. ಮಸಿಯಿಲ್ಲ, ಎಣ್ಣೆಯಿಲ್ಲ. ಬಿಸ್ಕತ್ತಿನ ಬಣ್ಣ. ಆರೋಗ್ಯವಂತ ಮೋಟಾರಿನ ಬಣ್ಣ ಅದು.

ಪ್ಲಗ್ ಬಿಚ್ಚಿದ ತೂತಿಗೆ ಹೆಬ್ಬೆರಳು ಒತ್ತಿಟ್ಟು ಹಗ್ಗ ಎಳೆದಳು. ಒಳಗಿನ ಗಾಳಿ ಬೆರಳನ್ನು ಫಟ್ಟನೆ ಎತ್ತಿ ಒಗೆಯಿತು.

"ನೋಡಿದ್ರಾ ಮಾವ? ಬಿಗಿ ಅಂದ್ರೆ ಬಿಗಿ! ಪಿಸ್ಟನ್ನಿಗೆ ರಿಂಗ್ ಹಾಕಿದ ಕೈ ಯಾರದ್ದು?"

ಮಾವ ತಮ್ಮ ಅಂಗೈಯನ್ನೇ ನೋಡಿಕೊಂಡರು.

ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಮೋಟಾರಿನ ಕಬ್ಬಿಣಕ್ಕೆ ತಾಗಿಸಿಟ್ಟು, ಕೈಯಿಂದ ನೆರಳು ಮಾಡಿ ಮತ್ತೆ ಎಳೆದಳು. ಚಿಟ್ ಚಿಟ್ ಚಿಟ್. ನೀಲಿ ಕಿಡಿ. ಕಿಡಿ ಕೆಂಪಗಿದ್ದರೆ ಸೊರಗಿದೆ ಎಂದರ್ಥ, ನೀಲಿಯಿದ್ದರೆ ಚಿಂತೆಯಿಲ್ಲ.

"ಮೇಡಂ, ಬಂತು! ಫೋಟೊದಲ್ಲಿ ಬಂತು!" ಅರ್ಜೆಂಟನಿಗೂ ಹುರುಪು ಬಂದಿತ್ತು.

ಅವಳ ಎದೆ ಹಗುರವಾಯಿತು. ಬಿಗಿ ಇದೆ, ಕಿಡಿ ಇದೆ. ಮಾವ ಮುಟ್ಟಿದ್ದು ಎಲ್ಲವೂ ಸರಿಯಾಗಿಯೇ ಇದೆ. ಊರು ಬಾಯಿ ಮುಚ್ಚಿಕೊಳ್ಳಲಿ! ಇವರನ್ನು ಸಂಜೆ ಮನೆಗೆ ಕರೆದುಕೊಂಡು ಹೋಗಿ ಕೈಯಾರೆ ಬಡಿಸುತ್ತೇನೆ ಎಂದುಕೊಂಡಳು. ನಾಲ್ಕು ದಿನದಿಂದ ಈ ಮನುಷ್ಯ ಸರಿಯಾಗಿ ಊಟ ಮಾಡಿದ ಹಾಗೆ ಕಾಣುತ್ತಿರಲಿಲ್ಲ.

"ನಿಮ್ಮ ಕೈ ತಪ್ಪಿಲ್ಲ ಮಾವ. ಎಳ್ಳಷ್ಟೂ ತಪ್ಪಿಲ್ಲ."

ಇಂಥ ಮಾತು ಕೇಳಿ ಯಾರಾದರೂ ಮುಖ ಅರಳಿಸಬೇಕು. ಮಾವನ ಮುಖ ಇನ್ನಷ್ಟು ಕಪ್ಪಿಟ್ಟಿತು. "ಸಾಕು ಬಿಡು ಪುಟ್ಟಿ" ಎಂದರು. "ಹೋದವನು ಹೋದ. ಮೋಟಾರ್ ಕುಯ್ದು ಏನು ಮಾಡ್ತೀಯ?"

ಅವಳು ಕೇಳಿಸಿಕೊಳ್ಳಲಿಲ್ಲ. ಉಳಿದದ್ದು ಪೆಟ್ರೋಲು ಮಾತ್ರ. ಅಷ್ಟು ಸಲ ಹಗ್ಗ ಎಳೆದರೂ ಪ್ಲಗ್ಗಿನ ತುದಿ ಒದ್ದೆಯಾಗಿರಲಿಲ್ಲ. ಅಂದರೆ ಪೆಟ್ರೋಲು ಒಳಗೆ ಬರುತ್ತಲೇ ಇಲ್ಲ.

ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಯಾಡಲು ಒಂದು ಪುಟ್ಟ ತಿರುಪು ಇರುತ್ತದೆ. ದೋಣಿ ಹೊರಡುವಾಗ ಸಡಿಲಿಸಬೇಕು. ಅದು ಬಿಗಿಯಾಗಿ ಮುಚ್ಚಿತ್ತು. ಟ್ಯಾಂಕಿನ ತುಂಬ ಪೆಟ್ರೋಲಿತ್ತು. ಪಕ್ಕದ ನಲ್ಲಿಯೂ ಪೂರ್ತಿ ಮುಚ್ಚಿತ್ತು.

"ಓಹೋ, ನಲ್ಲಿ ತಿರುಗಿಸೋದೇ ಮರ್ತಿದ್ದಾರೆ!" ಎಂದ ಅರ್ಜೆಂಟ್. "ಬಲೆಯವರು ಮುಚ್ಚಿರಬಹುದಾ ಮೇಡಂ?"

"ಬಲೆಯವರು ಹುಟ್ಟು ಹಾಕೋ ಜನ. ಹಗ್ಗ ಎಳೆದ್ವಿ, ಹತ್ತಲಿಲ್ಲ, ಕಟ್ಟಿ ಎಳ್ಕೊಂಡು ಬಂದ್ವಿ ಅಂತ ಅವರೇ ಹೇಳಿಲ್ವಾ? ಟ್ಯಾಂಕ್ ತಂಟೆಗೆ ಹೋಗಿಲ್ಲ."

ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲು ನಿಲ್ಲುವ ಸಣ್ಣ ಬಟ್ಟಲು. ಅದಕ್ಕೊಂದು ತಳದ ತಿರುಪು. ಬಿಚ್ಚಿದರೆ ಒಳಗಿದ್ದದ್ದು ಕೆಳಗೆ ಸುರಿಯಬೇಕು. ಹಿಡಿಯಲು ಏನಾದರೂ ಬೇಕಲ್ಲ ಎಂದು ಗೋಡೆಯ ಕಡೆ ಕೈ ಚಾಚಿದಳು. ನೀರಿನ ಕೊಡದ ಪಕ್ಕದ ಹಲಗೆಯ ಮೇಲೆ ಸ್ಟೀಲಿನ ಲೋಟಗಳ ಜೋಡಿ ಇರುತ್ತಿತ್ತು, ಅವಳು ಚಿಕ್ಕವಳಿದ್ದಾಗಿನಿಂದಲೂ. ಈಗ ಒಂದೇ ಇತ್ತು.

"ಇನ್ನೊಂದು ಲೋಟ ಎಲ್ಲಿ ಮಾವ?"

"ಎಲ್ಲೋ ಬಿದ್ದಿರತ್ತೆ" ಎಂದರು ಮಾವ, ಅವಳ ಕಡೆ ನೋಡದೆ.

ಲೋಟ ಹಿಡಿದು ತಿರುಪು ಬಿಚ್ಚಿದಳು. ಒಂದು ಹನಿ ಬಿತ್ತು. ಟಪ್. ಅಷ್ಟೇ. ಇನ್ನೊಂದು ಬೀಳಲಿಲ್ಲ.

ಅವಳ ಕೈ ಅಲ್ಲೇ ನಿಂತಿತು.

ಬಟ್ಟಲು ಒಣಗಿತ್ತು. ಟ್ಯಾಂಕು ತುಂಬಿತ್ತು, ನಲ್ಲಿ ಮುಚ್ಚಿತ್ತು, ಗಾಳಿಯ ತಿರುಪು ಬಿಗಿದಿತ್ತು, ಬಟ್ಟಲು ಒಣಗಿತ್ತು. ಇದು ಕೆಟ್ಟ ಮೋಟಾರಲ್ಲ. ಇದು ಮಲಗಿಸಿದ ಮೋಟಾರು!

ಅದು ಈ ಶೆಡ್ಡಿನ ಮಾತು. ಬೇರೆಲ್ಲರೂ ಮೋಟಾರು ನಿಲ್ಲಿಸುವುದು ಬಟನ್ ಒತ್ತಿ. ಮಾವನ ಪದ್ಧತಿಯೇ ಬೇರೆ. ಅಂದಿನ ಸವಾರಿಯೆಲ್ಲ ಮುಗಿದ ಮೇಲೆ ನಲ್ಲಿ ಮುಚ್ಚಿಬಿಡಬೇಕು. ಬಟ್ಟಲಲ್ಲಿ ಉಳಿದ ಪೆಟ್ರೋಲನ್ನು ಮೋಟಾರೇ ಕುಡಿದು ಮುಗಿಸಬೇಕು. ಕೊನೆಗೆ ಅದು ಒಮ್ಮೆ ಜೋರಾಗಿ ಕೂಗುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ. "ನೋಡು, ಆಕಳಿಸ್ತು" ಎನ್ನುತ್ತಿದ್ದರು ಮಾವ. ಆಮೇಲೆ ಗಾಳಿಯ ತಿರುಪು ಬಿಗಿಯುವುದು. ಹಾಗೆ ಮಾಡಿದರೆ ಬಟ್ಟಲಲ್ಲಿ ಅಂಟು ಕಟ್ಟುವುದಿಲ್ಲ.

"ಮತ್ತೆ ಸವಾರಿ ಇದೆ ಅಂದ್ರೆ ಮಲಗಿಸಬಾರದು" ಎಂದು ಎರಡು ಪುಟ್ಟ ಹುಡುಗಿಯರಿಗೆ ಬೆರಳು ಆಡಿಸಿ ಹೇಳುತ್ತಿದ್ದರು. "ಇವತ್ತಿಗೆ ಇನ್ನು ಸಾಕು, ಇನ್ನೆಲ್ಲಿಗೂ ಹೋಗಲ್ಲ ಅಂದಾಗ ಮಾತ್ರ."

ಭಾವನಿಗೆ ಇದನ್ನು ಹೇಳಿ ಹೇಳಿ ಮಾವನ ಬಾಯಿ ಸವೆದಿತ್ತು. ಆ ಪುಣ್ಯಾತ್ಮ ಬಟನ್ ಒತ್ತಿ ಎದ್ದು ಹೋಗುವವನು. ಅದಕ್ಕೇ ತಾನೇ ತಿಂಗಳಿಗೊಮ್ಮೆ ಕಾರ್ಬ್ಯುರೇಟರ್ ಅಂಟು ಕಟ್ಟಿಕೊಂಡು ಮೋಟಾರು ಇಲ್ಲಿಗೆ ಬರುತ್ತಿದ್ದದ್ದು!

ನಡುನೀರಲ್ಲಿ ಯಾರೂ ಮೋಟಾರು ಮಲಗಿಸುವುದಿಲ್ಲ. ಮಲಗಿಸುವುದು ದಡದಲ್ಲಿ. ಅಂದರೆ ದೋಣಿ ಆ ಸಂಜೆ ದಡಕ್ಕೆ ಬಂದಿದೆ. ಆಮೇಲೆ ಯಾರೋ ಅದನ್ನು ನೀರಿಗೆ ನೂಕಿದ್ದಾರೆ.

"ಆವಿಯಾಗಿ ಹೋಗಿರತ್ತೆ" ಎಂದರು ಮಾವ, ಥಟ್ಟನೆ. ಅವರ ದನಿಯೇ ಬೇರೆಯಾಗಿತ್ತು.

"ನಾಲ್ಕು ದಿನಕ್ಕಾ ಮಾವ? ಆವಿಯಾದ್ರೆ ಪೆಟ್ರೋಲ್ ಹೋಗತ್ತೆ, ಅದರ ಜೊತೆ ಬೆರೆಸಿದ ಎಣ್ಣೆ ಎಲ್ಲಿ ಹೋಗತ್ತೆ? ತಳದಲ್ಲಿ ಅಂಟಂಟು ಉಳೀಬೇಕಲ್ಲ? ನೀವೇ ಹೇಳ್ಕೊಟ್ಟಿದ್ದು."

ಮಾವ ಎದ್ದರು. ಎದ್ದು ಬಂದು, ಅವಳ ಕೈಯಲ್ಲಿದ್ದ ಲೋಟವನ್ನು ಹಿಡಿದುಕೊಂಡರು.

"ಪುಟ್ಟಿ. ಇಲ್ಲಿಗೆ ನಿಲ್ಸು. ಬಟ್ಟಲಲ್ಲಿ ಕಸ ಇತ್ತು ಅಂತ ಬರಿ. ನಾನು ಸರಿಯಾಗಿ ತೊಳೀಲಿಲ್ಲ ಅಂತ ಬರಿ. ಈಗಲೇ ಕರ್ಕೊಂಡು ಹೋಗು, ಬರ್ತೀನಿ."

"ಮಾವ!"

"ನನ್ನಾಣೆ ಪುಟ್ಟಿ."

ನಿರ್ದೋಷಿ ಎಂದು ತೋರಿಸಿಕೊಟ್ಟರೆ ಅಪರಾಧ ತನ್ನದೆಂದು ಅಂಗಲಾಚುವ ಮನುಷ್ಯನನ್ನು ಅವಳು ಇಷ್ಟು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ಯಾರಿಗಾಗಿ ಈ ಒದ್ದಾಟ? ಮೋಟಾರನ್ನು ಹೀಗೆ ಮಲಗಿಸುವ ಕೈಗಳು ಊರಲ್ಲಿ ಮೂರು ಜನರವು ಮಾತ್ರ. ಒಂದು ಮಾವನದು. ಒಂದು ಅವಳದೇ. ಇನ್ನೊಂದು?

ಇನ್ನೊಂದು ಅಕ್ಕನದು. ಮಾವನ ಒಬ್ಬಳೇ ಮಗಳು. ಭಾವನ ಹೆಂಡತಿ.

ಅಯ್ಯೋ ದೇವರೇ, ಎಂದಿತು ಅವಳ ಮನಸ್ಸು. ತಂದೆ ಮಗಳನ್ನು ಬಚ್ಚಿಡುತ್ತಿದ್ದಾರೆ.

ತಳದ ತಿರುಪನ್ನು ಮತ್ತೆ ಬಿಗಿದು, ಪ್ಲಗ್ ಕೂರಿಸಿ, ಮುಚ್ಚಳ ಹಾಕಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಎಲ್ಲೋ ಇತ್ತು. ಹಿಂಬಾಗಿಲಿಂದ ಹಿನ್ನೀರು ಕಾಣುತ್ತಿತ್ತು. ಶೆಡ್ಡಿನ ಕಟ್ಟೆಗೇ ಭಾವನ ದೋಣಿಯನ್ನು ಕಟ್ಟಿಹಾಕಿಸಿದ್ದಳು. ಹುಟ್ಟುಗಳು ಸಿಕ್ಕಾಗ ಇದ್ದ ಹಾಗೆಯೇ ಅಂಚಿಗೆ ಹುರಿಹಾಕಿ ಕಟ್ಟಿದ್ದವು. ದೋಣಿಯ ತಳ ತಿಕ್ಕಿ ತೊಳೆದ ಹಾಗೆ ಥಳಥಳ ಅನ್ನುತ್ತಿತ್ತು. ಮೊದಲ ದಿನವೇ ಅದು ಅವಳ ಕಣ್ಣಿಗೆ ಚುಚ್ಚಿತ್ತು. ದಿನವಿಡೀ ಜನ ಕೆಸರುಗಾಲಲ್ಲಿ ಹತ್ತಿ ಇಳಿಯುವ ದೋಣಿ ಅದು, ಭಾವನೋ ತೊಳೆಯುವ ಪೈಕಿಯಲ್ಲ.

"ಅರ್ಜೆಂಟ್, ಮೋಟಾರ್ ಮೇಲೆ ಕಣ್ಣಿಟ್ಟಿರು. ಮಾವನ್ನೂ ನೋಡ್ಕೋ. ನಾನು ಬರೋವರೆಗೂ ಕದಲಬಾರದು."

ಕದಲದೇ ಇರುವುದು ಅರ್ಜೆಂಟನಿಗೆ ಹೇಳಿ ಮಾಡಿಸಿದ ಕೆಲಸ. "ಆಯ್ತು ಮೇಡಂ" ಎಂದು ಹೊಸ್ತಿಲಲ್ಲೇ ಕೂತ.

ಮಾವ ಮಾತ್ರ ಬಾಗಿಲವರೆಗೆ ಬಂದರು. "ಅವಳ ಹತ್ರ ಹೋಗ್ಬೇಡ" ಎಂದರು. ಅವಳು ಯಾರ ಹತ್ತಿರ ಹೋಗುತ್ತೇನೆಂದು ಬಾಯಿ ಬಿಟ್ಟಿರಲೇ ಇಲ್ಲ.

*

ಅಕ್ಕನ ಮನೆ ದಡದ ಮೇಲೆಯೇ, ಶೆಡ್ಡಿನಿಂದ ಒಂದು ಕೂಗಳತೆ. ಅಡುಗೆಮನೆಯ ಕಿಟಕಿ ತೆರೆದರೆ ನೀರು.

ಅಕ್ಕ ಭಾವನ ಅಂಗಿಗಳನ್ನು ಮಡಿಚಿ ಇಡುತ್ತಿದ್ದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು. ನಾಲ್ಕು ದಿನದಿಂದ ಅವಳು ತಂದೆಯ ಮುಖ ನೋಡಲು ಹೋಗಿರಲಿಲ್ಲ. ರಿಪೇರಿಯ ಸಿಟ್ಟು ಎಂದು ಊರು ಆಡಿಕೊಂಡಿತ್ತು.

"ಬಾ ಪುಟ್ಟಿ. ಏನಾದ್ರೂ ಸಿಕ್ತಾ?"

ಸಿಕ್ಕಿದ್ದನ್ನು ಹೇಗೆ ಹೇಳುವುದು? ಜ್ವರ ಬಂದಾಗ ಪಕ್ಕದಲ್ಲಿ ಮಲಗಿ ಬೆನ್ನು ಸವರಿದವಳು ಇವಳು. ಕಾಲೇಜಿಗೆ ತನ್ನ ಚಪ್ಪಲಿಯನ್ನೇ ಹಾಕಿ ಕಳಿಸಿದವಳು ಇವಳು. ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ. ಕೂತರೆ ಕೇಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಕ್ಕ, ಆ ಸಂಜೆ ದೋಣಿ ದಡಕ್ಕೆ ತಂದಿದ್ದು ನೀನು."

ಅಕ್ಕನ ಕೈ ನಿಂತಿತು.

"ಯಾರು ಹೇಳಿದ್ದು?"

"ಮೋಟಾರ್ ಹೇಳ್ತು. ನೀನು ಅದನ್ನ ಮಲಗಿಸಿದ್ದೀಯ."

ಕೈಯಲ್ಲಿದ್ದ ಅಂಗಿ ನೆಲಕ್ಕೆ ಬಿತ್ತು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಹಾಗೆಯೇ ಜಾರಿ ಕೂತಳು. ಮಾತು ಒಮ್ಮೆಗೇ ಉಕ್ಕಿ ಬಂತು.

"ಕೈಗೆ ಏನು ಹೇಳ್ತೀಯ ಪುಟ್ಟಿ, ಕೈಗೆ! ಅವರು ಅಲ್ಲಿ ದೋಣಿ ತಳದಲ್ಲಿ ತಲೆ ಒಡ್ಕೊಂಡು ಬಿದ್ದಿದ್ದಾರೆ, ರಕ್ತ ಹರೀತಿದೆ, ನಾನು ಕಟ್ಟೆ ಹತ್ರ ನಲ್ಲಿ ಮುಚ್ಚಿ, ಮೋಟಾರ್ ಆಕಳಿಸೋವರೆಗೂ ಕಾದು, ತಿರುಪು ಬಿಗೀತಿದ್ದೀನಿ. ಬಿಗಿದ ಮೇಲೆ ಎಚ್ಚರ ಆಯ್ತು ನನಗೆ. ಆಮೇಲೆ ಕಿರುಚಿದೆ."

ಇನ್ಸ್‌ಪೆಕ್ಟರಮ್ಮ ನೆಲಕ್ಕೆ ಬಿದ್ದ ಅಂಗಿಯನ್ನು ಎತ್ತಿಟ್ಟಳು. "ತಲೆ ಹೇಗೆ ಒಡೀತು?"

ಅಕ್ಕ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ತೋಳಿನ ಮೇಲೆ ಐದು ಬೆರಳಿನ ಗುರುತು, ಈಗ ಹಳದಿಗೆ ತಿರುಗಿತ್ತು.

"ಆಚೆ ದಡಕ್ಕೆ ಅಂತ ಇಬ್ಬರೂ ಹೊರಟಿದ್ವಿ. ದಾರೀಲಿ ಜಗಳ. ಕೈ ತಿರುಚಿದ್ರು. ಹೊಸದೇನಲ್ಲ ಬಿಡು, ನಿನಗೆ ಹೇಳಿರಲಿಲ್ಲ ಅಷ್ಟೇ. ಆ ದಿನ ನಾನೂ ನೂಕಿದೆ. ಹಲಗೆಗೆ ತಲೆ ಬಡೀತು."

"ಅಕ್ಕ..." ಎಂದಳು. ಹಾಗಾದರೆ ಇಷ್ಟೇನೇ ಕಥೆ? ನೂಕಿದಳು, ಸತ್ತ, ತಂದೆ ಮುಚ್ಚಿಹಾಕಿದರು. ಇನ್ನು ಇವಳ ಕೈಗೆ ಬೇಡಿ ಹಾಕಬೇಕಾದ್ದು ತಾನೇ! "ಕಟ್ಟೆಗೆ ಬರೋ ಹೊತ್ತಿಗೇ ಭಾವನ ಪ್ರಾಣ ಹೋಗಿತ್ತಾ?"

ಅಕ್ಕ ತಲೆಯೆತ್ತಿ ವಿಚಿತ್ರವಾಗಿ ನೋಡಿದಳು.

"ಪ್ರಾಣ ಹೋಗಿತ್ತಾ? ಏನು ಕೇಳ್ತಿದ್ದೀಯ? ಎದ್ದು ಕೂತಿದ್ರು! ಅಪ್ಪ ಶೆಡ್ಡಿಂದ ಓಡಿ ಬಂದು ಕೈ ಕೊಟ್ಟು ಮೇಲೆ ಹತ್ತಿಸ್ಕೊಂಡ್ರು. ಅಪ್ಪನ ಭುಜ ಹಿಡ್ಕೊಂಡು ನಡೆದ್ರು. ನೀರು ಕೇಳಿದ್ರು. ಅಪ್ಪ ಲೋಟದಲ್ಲಿ ನೀರು ತಂದು ಕೈಗೆ ಕೊಟ್ರು."

ಲೋಟ.

ಒಂಟಿ ಲೋಟದ ಹಲಗೆ ಕಣ್ಣ ಮುಂದೆ ಬಂತು. ಭಾವನ ಕೈಗೆ ಹೋದ ಲೋಟ ಅಲ್ಲಿಗೆ ಮರಳಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಕಿಟಕಿಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಮೇಲೆ?"

"ಆಮೇಲೇನು. ನನ್ನ ಸೀರೆ ತುಂಬ ರಕ್ತ. ನನ್ನ ತೋಳು ನೋಡಿದ್ರು ಅಪ್ಪ. ಬಹಳ ಹೊತ್ತು ನೋಡಿದ್ರು. ನೀನು ಮನೆಗೆ ಹೋಗಿ ಬಟ್ಟೆ ಬದಲಾಯ್ಸು, ಡಾಕ್ಟರನ್ನ ನಾನೇ ಕರೀತೀನಿ ಅಂದ್ರು. ಬಂದೆ. ಮತ್ತೆ ಹೋದಾಗ ಅಪ್ಪ ಒಬ್ಬರೇ ಕಟ್ಟೆ ತೊಳೀತಿದ್ರು."

"ಭಾವ?"

"ಸುಧಾರಿಸ್ಕೊಂಡ, ಸಿಟ್ಟು ಮಾಡ್ಕೊಂಡು ದೋಣಿ ತಗೊಂಡು ಹೋದ, ಬೆಳಿಗ್ಗೆ ತಾನೇ ಬರ್ತಾನೆ ಅಂದ್ರು. ಬೆಳಿಗ್ಗೆ ಬರೀ ದೋಣಿ ಬಂತು." ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಏಟು ಬಿದ್ದ ತಲೆ, ತಿರುಗಿರತ್ತೆ, ಬಿದ್ದಿರ್ತಾರೆ. ನಾನು ನೂಕಿದ್ದಕ್ಕೇ ಹೋದ್ರು ಅಂತ ನಾಲ್ಕು ದಿನದಿಂದ ಒಳಗೊಳಗೇ ಬೇಯ್ತಿದ್ದೀನಿ. ಅಪ್ಪ ನನಗೋಸ್ಕರ ರಿಪೇರಿ ತಪ್ಪು ಅಂತ ಮೈಮೇಲೆ ಹಾಕ್ಕೊಂಡ್ರು. ಬಾಯಿ ಬಿಡಬೇಡ, ನನ್ನಾಣೆ ಅಂದ್ರು. ಯಾವ ಮುಖ ಇಟ್ಕೊಂಡು ಅವರ ಎದುರಿಗೆ ಹೋಗಲಿ?"

ಇನ್ಸ್‌ಪೆಕ್ಟರಮ್ಮ ಕಿಟಕಿಯಾಚೆ ಶೆಡ್ಡಿನ ಕಟ್ಟೆಯ ಕಡೆ ನೋಡಿದಳು. ಪೂರ್ತಿ ಮುಚ್ಚಿದ ನಲ್ಲಿ. ಬಿಗಿದ ತಿರುಪು. ಟಪ್ಪೆಂದು ಬಿದ್ದ ಒಂದೇ ಹನಿ. ಹುರಿಹಾಕಿ ಕಟ್ಟಿದ್ದ ಹುಟ್ಟು.

ಅವಳ ನೋಟ ಅಕ್ಕನಿಗೆ ತಾಗಿತು. ಮುಖದ ಮೇಲಿನ ಕೈ ಮೆಲ್ಲನೆ ಕೆಳಗೆ ಬಂತು. ಮೋಟಾರಿನ ವಿಷಯ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೇ ಶೆಡ್ಡಿನಲ್ಲಿ, ಒಂದೇ ಗುರುವಿನ ಹತ್ತಿರ ಕಲಿತವಳು.

"ಪುಟ್ಟಿ, ನೀನು ಆಗ ಏನಂದೆ? ಮೋಟಾರ್ ಮಲಗಿದೆ ಅಂದ್ಯಾ?"

"ಹೂಂ."

"ಇವತ್ತು ನೋಡಿದಾಗ? ಇವತ್ತೂ ಮಲಗೇ ಇತ್ತಾ?"

"ನೀನು ಹೇಗೆ ಬಿಟ್ಟಿದ್ಯೋ ಹಾಗೇ. ಬಟ್ಟಲು ಒಣ. ನಲ್ಲಿ ಮುಚ್ಚಿದೆ."

"ಹುಟ್ಟು?"

"ಕಟ್ಟಿದ ಹಾಗೇ ಇತ್ತು."

ಅಕ್ಕ ಗೋಡೆ ಹಿಡಿದು ಎದ್ದು ನಿಂತಳು.

"ಹಾಗಾದ್ರೆ ಅವರು ಯಾವ ದೋಣಿ ತಗೊಂಡು ಹೋದ್ರು?" ಎಂದಳು. ಪಿಸುಮಾತಿನಲ್ಲಿ ಎಂದಳು. "ನಾನು ಮಲಗಿಸಿದ ಮೇಲೆ ಆ ಮೋಟಾರ್ ಎದ್ದೇ ಇಲ್ಲ. ಪುಟ್ಟಿ, ಅಪ್ಪ... ನನ್ನ ಗಂಡನ್ನ ಜೀವಂತ ಅಪ್ಪನ ಕೈಗೆ ಒಪ್ಪಿಸಿ ಬಂದಿದ್ದೆ ಕಣೇ ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತಪ್ಪು ನನ್ನದು ಎಂದು ಬರ್ಕೋ, ಈಗಲೇ ಕರ್ಕೊಂಡು ಹೋಗು, ಅವಳ ಹತ್ರ ಹೋಗ್ಬೇಡ. ಮಾವನ ಒಂದೊಂದು ಮಾತೂ ಇನ್ಸ್‌ಪೆಕ್ಟರಮ್ಮನ ತಲೆಯೊಳಗೆ ತಲೆಕೆಳಗಾಗಿ ನಿಂತಿತು. ಮಗಳನ್ನಲ್ಲ ಬಚ್ಚಿಡುತ್ತಿದ್ದದ್ದು. ತಾವೇ ಮಾಡಿದ್ದನ್ನು ಮಗಳಿಂದ ಬಚ್ಚಿಡುತ್ತಿದ್ದದ್ದು. ಬೆಳಗಿನಿಂದ ಆ ಮನುಷ್ಯನನ್ನು ಉಳಿಸಬೇಕೆಂದು ಒಂದೊಂದೇ ತಿರುಪು ಬಿಚ್ಚಿದ್ದಳು. ಬಿಚ್ಚಿದ ಒಂದೊಂದು ತಿರುಪಿನಿಂದಲೂ ಅವರನ್ನೇ ನೇಣಿಗೆ ಹತ್ತಿರ ಮಾಡಿದ್ದಳು. ಅವಳಿಗೆ ಅಳು ಉಕ್ಕಿತು. ಖಾಕಿ ತೊಟ್ಟ ಮೇಲೆ ಮೊದಲ ಸಲ, ಕಣ್ಣು ಒರೆಸಿಕೊಳ್ಳದೆ ಅತ್ತಳು.

ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು.

"ಮೇಡಂ... ಅರ್ಜೆಂಟು ಮೇಡಂ!" ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಬಾಯಲ್ಲಿ ಆ ಮಾತು ಬಂದಿತ್ತು. "ನಿಮ್ಮ ಮಾವ ಕುಡಿಯೋಕೆ ನೀರು ತರ್ತೀನಿ ಅಂತ ಒಳಗೆ ಹೋದ್ರು. ಬಾಗಿಲು ಹಾಕ್ಕೊಂಡ್ಬಿಟ್ರು. ಮೋಟಾರನ್ನ ಹಿಂಬಾಗಿಲಿಗೆ ಎಳ್ಕೊಂಡು ಹೋಗೋ ಸದ್ದು ಕೇಳ್ತು. ಈ ಕಡೆಯಿಂದ ಒದ್ದೂ ಒದ್ದೂ..."

ಅವನ ಮಾತು ಮುಗಿಯುವ ಮೊದಲೇ ಕಿಟಕಿಯಾಚೆಯಿಂದ ಸದ್ದು ಬಂತು.

ಒಂದೇ ಎಳೆತ. ಬೆಳಗಿನಿಂದ ಹತ್ತದೆ ಮೊಂಡು ಹಿಡಿದಿದ್ದ ಮೋಟಾರು ಒಂದೇ ಎಳೆತಕ್ಕೆ ಹತ್ತಿಕೊಂಡಿತ್ತು. ನಲ್ಲಿ ತೆರೆದ ಕೈ ಯಾವುದೆಂದು ಕೇಳಬೇಕೆ? ಇಬ್ಬರೂ ಕಿಟಕಿಗೆ ಓಡಿದರು. ಇಳಿಬಿಸಿಲಿಗೆ ನೀರು ಕಣ್ಣು ಕೋರೈಸುತ್ತಿತ್ತು. ಭಾವನ ದೋಣಿ ಕಟ್ಟೆ ಬಿಟ್ಟು ಹೊರಟಿತ್ತು. ಹಿಂದೆ ಮಾವ ಒಬ್ಬರೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಸವಾರಿಗೆ ಹೊರಟವರ ಹಾಗೆ.

"ಅಪ್ಪಾ!" ಎಂದು ಅಕ್ಕ ಕಿರುಚಿದಳು. ಅಷ್ಟು ದೂರ ಕೇಳಿಸುವ ಹಾಗಿರಲಿಲ್ಲ.

ದೋಣಿ ಆಚೆ ದಡಕ್ಕೆ ತಿರುಗಲಿಲ್ಲ. ಮುಳುಗುಗಾರರು ಜಾಲಾಡಿದ ನಡುನೀರಿನ ಕಡೆಗೂ ಹೋಗಲಿಲ್ಲ. ಎಡಕ್ಕೆ ತಿರುಗಿತು, ದಡದಂಚಿನ ಜೊಂಡಿನ ಕಡೆಗೆ. ಆಳುದ್ದ ಹುಲ್ಲು ಬೆಳೆದು ಯಾರೂ ಕಾಲಿಡದ ಆ ಮೂಲೆಯಲ್ಲಿ ಈ ನಾಲ್ಕು ದಿನ ಯಾರೂ ಹುಡುಕಿರಲಿಲ್ಲ. ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅರ್ಜೆಂಟ್, ಬಲೆಯವರ ದೋಣಿ ತೆಗ್ಸು! ಓಡು!" ಎಂದು ಫೋನಿಗೆ ಕೂಗಿದಳು ಇನ್ಸ್‌ಪೆಕ್ಟರಮ್ಮ. ಬಾಗಿಲ ಕಡೆ ತಿರುಗಿದವಳ ಕಾಲು ಅಲ್ಲೇ ಕಚ್ಚಿಕೊಂಡಿತು.

ದೋಣಿ ಜೊಂಡಿನೊಳಗೆ ಮರೆಯಾಗಿತ್ತು. ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಒಮ್ಮೆ ಕೂಗಿತು. ಕೆಮ್ಮಿತು. ನಿಂತಿತು.

"ಮೇಡಂ, ಕೆಟ್ಟು ನಿಂತ್ಕೊಂಡ್ತು ಅನ್ಸತ್ತೆ!" ಎಂದ ಅರ್ಜೆಂಟ್ ಫೋನಿನಲ್ಲಿ, ಉತ್ಸಾಹದಿಂದ. "ಇನ್ನೆಲ್ಲಿ ಹೋಗ್ತಾರೆ? ಹಿಡ್ಕೊಂಡ್ವಿ ಬಿಡಿ!"

ಅಕ್ಕ ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡದೆ ನಿಂತಿದ್ದಳು.

"ಕೆಟ್ಟಿಲ್ಲ ಪುಟ್ಟಿ" ಎಂದಳು. "ಅಪ್ಪ ಮಲಗಿಸಿದ್ರು."